ಆನೆಕಾಲು ರೋಗ: ಎರಡು ಔಷಧವೋ, ಮೂರೋ, ಉಪ್ಪೋ?

ಆನೆಕಾಲು ರೋಗವನ್ನು ಊರಿನಿಂದಲೇ ಓಡಿಸಲು ಎಲ್ಲರಿಗೂ ಎರಡು ಔಷಧ ಕೊಡುವುದೋ, ಮೂರು ಕೊಡುವುದೋ, ಔಷಧ ಬೆರೆಸಿದ ಉಪ್ಪು ಹಂಚುವುದೋ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಊರು ನೋಡಿ ಹೇಳಬೇಕು.

ಬೇಗ ಮುಗಿಯಬೇಕೆಂದರೆ ಮೂರು ಔಷಧ: ಡಿಇಸಿ, ಆಲ್ಬೆಂಡಜೋಲ್ ಜೊತೆಗೆ ಐವರ್ಮೆಕ್ಟಿನ್. ಮೂರೂ ಹುಳು ನಿವಾರಕ ಮಾತ್ರೆಗಳು. ಜನ ಸರಿಯಾಗಿ ನುಂಗಿದರೆ ವರ್ಷಕ್ಕೊಂದರಂತೆ ಎರಡು ಸುತ್ತು ಸಾಕಾಗಬಹುದು. ಡಿಇಸಿ, ಆಲ್ಬೆಂಡಜೋಲ್ ಎರಡೇ ಆದರೆ ಕನಿಷ್ಠ ಐದು ಸುತ್ತು. ಯಾದಗಿರಿಯಲ್ಲಿ ಮೂರನ್ನೂ ಕೊಟ್ಟಿದ್ದಾರೆ. ಆದರೆ ಕೆಲಸ ಜಾಸ್ತಿ: ಐವರ್ಮೆಕ್ಟಿನ್‌ಗೆ ಪ್ರತಿಯೊಬ್ಬರ ಎತ್ತರ ಅಳೆಯಬೇಕು, ಎದುರಿಗೇ ನುಂಗಿಸಬೇಕು. ಪುಟ್ಟ ಮಕ್ಕಳಿಗೆ ಐವರ್ಮೆಕ್ಟಿನ್ ಇಲ್ಲ. ಗರ್ಭಿಣಿಯರಿಗೆ ಯಾವುದೂ ಬೇಡ.

ಔಷಧದ ಖರ್ಚು ದೊಡ್ಡ ತೊಡಕಲ್ಲ. ಮೆರ್ಕ್, ಜಿಎಸ್‌ಕೆ, ಐಸಾಯ್ ಕಂಪನಿಗಳು ಬಡ ದೇಶಗಳಿಗೆ ಪುಕ್ಕಟೆ ಕೊಡುತ್ತಿವೆ. ಮನೆಮನೆಗೆ ಹಂಚುವುದೇ ಕಷ್ಟ, ಅಲ್ವಾ?

ಡಿಇಸಿ ಬೆರೆಸಿದ ಉಪ್ಪು ಚೀನಾದಲ್ಲಿ ಗೆದ್ದಿತು. ಎಲ್ಲ ಮನೆಗೂ ಅದೇ ಉಪ್ಪು ತಲುಪಿಸುವ ಹಿಡಿತ ಇರುವಲ್ಲಿ ಅದು ಸುಲಭ.

ಆಫ್ರಿಕಾದಲ್ಲಿ ನದಿಕುರುಡು (ಹುಳುವಿನಿಂದ ಬಂದು ಕಣ್ಣು ಕೆಡಿಸುವ ಇನ್ನೊಂದು ರೋಗ) ಇರುವ ಕಡೆ ಡಿಇಸಿ ಕಣ್ಣಿಗೇ ಅಪಾಯ. ಅಲ್ಲಿ ಐವರ್ಮೆಕ್ಟಿನ್, ಆಲ್ಬೆಂಡಜೋಲ್ ಜೋಡಿಯೇ ಸರಿ.