70 ಪೆನ್ಸಿನ ಊರ ಪತ್ರಿಕೆ: ಓದಿ, ಆದರೆ ನೋಟಿಸ್ ಬೋರ್ಡನ್ನೂ ನೋಡಿ

ತಿಂಗಳ ಮೊದಲ ವಾರ ಬಾಗಿಲ ಸೀಳಿನಿಂದ ಪಟ್ ಅಂತ ಒಳಗೆ ಬೀಳುವ ಈ ಪತ್ರಿಕೆಗೆ ನಾನು ಮೂರು ವರ್ಷದಿಂದ ಚಂದಾದಾರಳು. ಇಂಗ್ಲೆಂಡಿನ ಸಣ್ಣ ಹಳ್ಳಿ ನಮ್ಮದು. ಒಂದು ಚರ್ಚು, ಒಂದು ಪಬ್ಬು, ದಿನಕ್ಕೆ ಮೂರು ಬಸ್ಸು. ಇದ್ದೊಂದು ಅಂಗಡಿ ಮುಚ್ಚಿಹೋಗಿದೆ. ಊರ ಹೆಸರಾಗಲಿ ಪತ್ರಿಕೆಯ ಹೆಸರಾಗಲಿ ಹೇಳುವುದಿಲ್ಲ. ಮುಂದೆ ಸ್ವಲ್ಪ ದೂರುವುದಿದೆ, ಸಂಪಾದಕರು ಪಕ್ಕದ ಬೀದಿಯಲ್ಲೇ ಇದ್ದಾರೆ.

ಎ5 ಅಳತೆ, 24 ಪುಟ, ನಡುವೆ ಎರಡು ಪಿನ್ನು. ಬಿಡಿ ಪ್ರತಿ 70 ಪೆನ್ಸ್, ವರ್ಷಕ್ಕೆ 7 ಪೌಂಡ್. ಜುಲೈ–ಆಗಸ್ಟ್ ಸೇರಿ ಒಂದು, ಡಿಸೆಂಬರ್–ಜನವರಿ ಸೇರಿ ಒಂದು, ಒಟ್ಟು ಹತ್ತು ಸಂಚಿಕೆ. ತಂದು ಹಾಕುವವರು ಪಕ್ಕದ ಮನೆ ಅಜ್ಜಿ, ಪುಕ್ಕಟೆ ಸೇವೆ. ಮಳೆ ಇದ್ದರೆ ಹಳೇ ಬ್ರೆಡ್ ಕವರಿನಲ್ಲಿ ಸುತ್ತಿ ತರುತ್ತಾರೆ. ಮುದ್ರಣ ಕಪ್ಪು-ಬಿಳುಪು. ಫೋಟೊಗಳಲ್ಲಿ ಎಲ್ಲರ ಮುಖವೂ ಮಸಿ ಹಿಡಿದ ಪಾತ್ರೆಯ ತಳದ ಹಾಗೆ.

ಅರ್ಧದಷ್ಟು ಜಾಹೀರಾತು: ಚಿಮಣಿ ಗುಡಿಸುವವರು, ಬೇಲಿ ಕತ್ತರಿಸುವವರು, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವವರು. ಇವನ್ನೆಲ್ಲ ಯಾರು ಓದುತ್ತಾರೆ ಅಂದುಕೊಂಡಿದ್ದೆ. ಮೊದಲ ಚಳಿಗಾಲದಲ್ಲಿ ನಮ್ಮ ಬಚ್ಚಲು ಗುಳುಗುಳು ಅನ್ನತೊಡಗಿದಾಗ ಕೈಹಿಡಿದದ್ದು 19ನೇ ಪುಟವೇ.

ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ರಕ್ಷಾಪುಟದ ಒಳಬದಿ. ಯಾವ ಕೆಲಸಕ್ಕೆ ಯಾರನ್ನು ಹಿಡಿಯಬೇಕು ಅಂತ ಅಲ್ಲಿ ಪಟ್ಟಿ ಇರುತ್ತದೆ. ನಮ್ಮ ಕಡೆ ಆಡಳಿತ ಮೂರು ಹಂತದ್ದು. ರಸ್ತೆ ಗುಂಡಿ ಕೌಂಟಿ ಕೌನ್ಸಿಲಿಗೆ, ಕಸ ಮತ್ತು ಮನೆ ಕಟ್ಟುವ ಪರವಾನಗಿ ಡಿಸ್ಟ್ರಿಕ್ಟ್ ಕೌನ್ಸಿಲಿಗೆ. ಊರಿನದೇ ಆದ ಪ್ಯಾರಿಷ್ ಕೌನ್ಸಿಲಿಗೆ ಉಳಿಯುವುದು ಮಕ್ಕಳ ಉಯ್ಯಾಲೆ, ಬಸ್ ತಂಗುದಾಣ, ಬೆಂಚು, ಬಾಡಿಗೆಗೆ ಕೊಡುವ ತರಕಾರಿ ಪಾತಿಗಳು. ಪ್ಯಾರಿಷ್ ಅಂದರೆ ಚರ್ಚಿನವರ ಸಮಿತಿ ಅಂತ ನಾನು ಒಂದಿಡೀ ವರ್ಷ ನಂಬಿದ್ದೆ. ಚರ್ಚಿನ ವ್ಯವಹಾರದಿಂದ ಇದನ್ನು 1894ರಲ್ಲೇ ಕಾನೂನು ಮಾಡಿ ಬೇರ್ಪಡಿಸಿದ್ದಾರಂತೆ. ನಾವು ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲೂ ಇದರ ಪಾಲಿಗೆ ಬೇರೆಯೇ ಒಂದು ಸಾಲಿದೆ.

ಓದುಗರ ಪತ್ರಗಳಂತೂ ಬಿಡಿಸಿಟ್ಟ ಹಲಸಿನ ತೊಳೆ. ಕಳೆದ ವರ್ಷ ಮೂರು ಸಂಚಿಕೆ ತುಂಬ ಒಂದೇ ಜಗಳ: ಟೆಲಿಫೋನ್ ಬೂತಿನ ಬಣ್ಣ. ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬಕ್ಕೆಂದು 1935ರಲ್ಲಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಕೆ6 ಮಾದರಿಯ ಕೆಂಪು ಬೂತು ಅದು. ಬಳಕೆ ನಿಂತುಹೋದ ಇಂಥ ಬೂತುಗಳನ್ನು ಇಲ್ಲಿನ ಟೆಲಿಫೋನ್ ಕಂಪನಿ ಬಿಟಿ 1 ಪೌಂಡಿಗೆ ಊರಿಗೇ ಬಿಟ್ಟುಕೊಡುತ್ತದೆ. ನಮ್ಮದರಲ್ಲಿ ಈಗ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಅದರ ಕೆಳಗೆ ಬೂಷ್ಟು ಹಿಡಿದ ಪತ್ತೇದಾರಿ ಕಾದಂಬರಿಗಳು. ಯಾರೋ ಪುಣ್ಯಾತ್ಮರು ಬಾಗಿಲಿಗೆ ಸಿಕ್ಕಿದ ಕೆಂಪು ಬಳಿದಿದ್ದರು. ‘ಅದು ಕರಂಟ್ ರೆಡ್ ಆಗಿರಬೇಕು, ನಂಬರ್ 539’ ಅಂತ ಒಬ್ಬರು ಬರೆದರು (ಕರಂಟ್ ಅಂದರೆ ಒಂದು ಕೆಂಪು ಹಣ್ಣು, ನಂಬರ್ ಬ್ರಿಟಿಷ್ ಬಣ್ಣಪಟ್ಟಿಯದು). ‘ಎದೆ ಹಿಡಿದುಕೊಂಡು ಬಿದ್ದವನು ನಂಬರ್ ನೋಡುತ್ತಾನೆಯೇ’ ಅಂತ ಇನ್ನೊಬ್ಬರು. ಕೌನ್ಸಿಲಿನ ನಡಾವಳಿಯಲ್ಲಿ ಕೊನೆಗೆ ಬಂದದ್ದು ಒಂದೇ ಮಾತು: ‘ಗಮನಿಸಲಾಯಿತು.’ ಇಷ್ಟು ದಿನದ ಓದಿನಿಂದ ನಾನು ಕಲಿತದ್ದೇನೆಂದರೆ, ಗಮನಿಸಲಾಯಿತು ಅಂದರೆ ಯಾರೂ ಏನೂ ಮಾಡುವುದಿಲ್ಲ.

ಈಗ ದೂರಿಗೆ ಬರುತ್ತೇನೆ. ಮೇ ಸಂಚಿಕೆಯ ನಾಲ್ಕನೇ ಪುಟದಲ್ಲಿ, ನಾಯಿ ಕಸದ ಡಬ್ಬದ ಸುದ್ದಿಗೂ ಬೆಂಚಿನ ದುರಸ್ತಿಗೂ ನಡುವೆ ಎರಡು ಸಾಲು: ಇಂಥ ಹೊಲದಲ್ಲಿ ನಾಲ್ಕು ಮನೆ ಕಟ್ಟುವ ಅರ್ಜಿ, ಪ್ಯಾರಿಷ್ ಕೌನ್ಸಿಲಿನ ಆಕ್ಷೇಪಣೆ ಇಲ್ಲ. ಇಂಥ ಹೊಲ ಅಂದರೆ ನಮ್ಮ ಹಿತ್ತಲ ಬೇಲಿಯಾಚೆಯದು! ಪ್ರತಿ ಜನವರಿಯಲ್ಲೂ ಅಲ್ಲಿನ ಕಾಲುವೆ ತುಂಬಿ ನೀರು ನಮ್ಮ ಬೇಲಿ ಬುಡಕ್ಕೆ ಬರುತ್ತದೆ. ಅರ್ಜಿಯ ಬಗ್ಗೆ ಊರವರು ಅಭಿಪ್ರಾಯ ಬರೆಯಲು ಇದ್ದದ್ದು 21 ದಿನ, ಅದು ಮಾರ್ಚಿಗೇ ಮುಗಿದಿತ್ತು.

ಯಾಕೆ ಹೀಗಾಯಿತು ಅಂತ ಕೂತು ಲೆಕ್ಕ ಹಾಕಿದೆ. ಸಭೆ ಮಾರ್ಚಿನ ಎರಡನೇ ಮಂಗಳವಾರ. ಆ ಸಭೆಯ ನಡಾವಳಿಗೆ ಒಪ್ಪಿಗೆ ಸಿಗುವುದು ಏಪ್ರಿಲ್ ಸಭೆಯಲ್ಲಿ. ಒಪ್ಪಿಗೆಯಾಗದ್ದನ್ನು ಸಂಪಾದಕರು ಮುಟ್ಟುವುದಿಲ್ಲ. ಬರಹ ಕಳಿಸಲು ಕೊನೆಯ ದಿನ 15. ಹೀಗೆ ಮಾರ್ಚಿನ ಮಾತು ಮೇ ತಿಂಗಳಿಗೆ ಮನೆ ಬಾಗಿಲಿಗೆ. ಸಂಪಾದಕರ ಶಿಸ್ತು ಸರಿಯೇ, ಆದರೆ ‘ಹೀಗೊಂದು ಅರ್ಜಿ ಬಂದಿದೆ’ ಅನ್ನುವುದಕ್ಕೆ ಯಾರ ಒಪ್ಪಿಗೆ ಬೇಕು? ನನ್ನ ತಪ್ಪೂ ಇದೆ. ದೀಪದ ಕಂಬಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದ ಈ ಅರ್ಜಿಯ ಹಳದಿ ನೋಟಿಸನ್ನು ದಿನಾ ನೋಡುತ್ತಿದ್ದೆ. ಯಾರದೋ ಬೆಕ್ಕು ಕಳೆದಿದೆ ಅಂದುಕೊಂಡು ಮುಂದೆ ಹೋಗುತ್ತಿದ್ದೆ.

ಅಜ್ಜಿಯ ಹತ್ತಿರ ಗೋಳು ಹೇಳಿಕೊಂಡರೆ, ‘ಪತ್ರಿಕೆ ನೆನಪಿಗೆ, ಬೋರ್ಡು ಕೆಲಸಕ್ಕೆ, ಡಿಯರ್’ ಅಂದರು. ಬಸ್ ತಂಗುದಾಣದ ಪಕ್ಕ ಗಾಜಿನ ಬಾಗಿಲಿನ ನೋಟಿಸ್ ಬೋರ್ಡ್ ಇದೆ. ಸಭೆಯ ವಿಷಯಪಟ್ಟಿಯನ್ನು ಮೂರು ಪೂರ್ಣ ದಿನ ಮುಂಚೆ ಹಾಕಲೇಬೇಕು; ಹಾಕಿದ ದಿನ, ಸಭೆಯ ದಿನ, ಭಾನುವಾರ ಲೆಕ್ಕಕ್ಕಿಲ್ಲ. ಹಾಗಾಗಿ ನಮ್ಮಲ್ಲಿ ಹಿಂದಿನ ಗುರುವಾರ ಸಂಜೆಗೆಲ್ಲ ಬಂದಿರುತ್ತದೆ. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, 1960ರ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ.

ಜೂನಿನಲ್ಲಿ ಹೋದೆವು. ಊರ ಹಾಲಿನಲ್ಲಿ ಗೋಡೆ ತುಂಬ ಶಿಶುವಿಹಾರದ ಕಾಗದದ ಚಿಟ್ಟೆಗಳು. ಅದರಡಿ ಏಳು ಜನ ಸದಸ್ಯರು, ಒಬ್ಬ ಕ್ಲರ್ಕು, ಸಾರ್ವಜನಿಕರು ಅಂತ ನಾನು ಮತ್ತು ನನ್ನ ಗಂಡ. (ಸಭೆ ಪಬ್ಬಿನಲ್ಲಿ ಯಾಕಿಲ್ಲ ಅಂತ ಇವರು ಬೇಸರಪಟ್ಟರು. ಬೇರೆ ಜಾಗ ಸಿಗುವಂತಿದ್ದರೆ ಹೆಂಡ ಮಾರುವ ಕಡೆ ಸಭೆ ಕೂರುವ ಹಾಗಿಲ್ಲ.) ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಫೋನಿನಲ್ಲಿದ್ದ ಜನವರಿಯ ಫೋಟೊ ತೋರಿಸಿ ಕಾಲುವೆಯ ಕತೆ ಹೇಳಿದೆ. ಒಬ್ಬ ಸದಸ್ಯರು ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು, ‘ಇದು ನಮಗೆ ಗೊತ್ತಿರಲಿಲ್ಲ’ ಅಂದರು. ನೀರಿನ ವಿಷಯ ಡಿಸ್ಟ್ರಿಕ್ಟಿಗೆ ಬರೆಯುವುದಾಗಿ ಅಲ್ಲೇ ಕೈಯೆತ್ತಿ ತೀರ್ಮಾನಿಸಿದರು. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ತೀರ್ಮಾನದ ಗಡುವು ಮುಂದೆ ಹೋಗಿದೆ.

ಇಷ್ಟಾದರೂ ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಮನ್‌ವೆಲ್ತ್ ದೇಶದವರಿಗೂ ಇಲ್ಲಿ ಮತವಿದೆ, ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನಾವೂ ಮತ ಹಾಕಬಹುದು ಅಂತ ಗೊತ್ತಾದದ್ದು ಇದರದೇ ಒಂದು ಚಿಕ್ಕಕ್ಷರದ ಸಾಲಿನಿಂದ. ಅಷ್ಟು ವರ್ಷ ಅದನ್ನು ನಮಗೆ ಬೇರೆ ಯಾರೂ ಹೇಳಿರಲಿಲ್ಲ.

ಚಂದಾ ನವೀಕರಣ ನವೆಂಬರ್ ಕೊನೆಯೊಳಗೆ. ಚೆಕ್ ಅಥವಾ ನಗದು ಮಾತ್ರ, ಕಾರ್ಡಿಲ್ಲ. ನನ್ನ ಹತ್ತಿರ ಚೆಕ್ ಬುಕ್ ಇಲ್ಲ. ಲಕೋಟೆಯಲ್ಲಿ ಏಳು ನಾಣ್ಯ ಹಾಕಿ, ‘ಅರ್ಜಿಗಳ ಸುದ್ದಿಗೆ ಕೊನೆಯ ಪುಟದಲ್ಲಿ ನಾಲ್ಕು ಸಾಲು ಜಾಗ ಕೊಡಿ’ ಅಂತ ಚೀಟಿ ಬರೆದು ಅಜ್ಜಿಯ ಕೈಗಿಟ್ಟಿದ್ದೇನೆ.