ಹರಾಮಾ ಯುದ್ಧಭೂಮಿ ವಾಕಿಂಗ್ ಟೂರ್, ಮ್ಯಾಡ್ರಿಡ್ ಹತ್ರ: ಒಂದು ದಿನ ಎತ್ತಿಟ್ಟು ಹೋಗಿ

ಮ್ಯಾಡ್ರಿಡ್‌ಗೆ ಬರೋ ನಮ್ಮವ್ರೆಲ್ಲ ಪ್ರಾದೋ ಮ್ಯೂಸಿಯಂ, ಅರಮನೆ, ಫುಟ್‌ಬಾಲ್ ಸ್ಟೇಡಿಯಂ, ಟೈಮ್ ಇದ್ರೆ ತೊಲೇದೊ ನೋಡ್ಕೊಂಡು ಹೊರಡ್ತಾರೆ. ಒಂದು ದಿನ ಕೈಯಲ್ಲಿ ಉಳಿದಿದ್ರೆ ದಯವಿಟ್ಟು ಈ ಟೂರ್ ಮಾಡಿ ಅಂತ ಹೇಳೋಕೆ ಇದನ್ನ ಬರೀತಿದೀನಿ. ಊರಿಂದ ಆಗ್ನೇಯಕ್ಕೆ ಹೆಚ್ಚುಕಮ್ಮಿ ನಲವತ್ತು ಕಿಲೋಮೀಟರ್, ಮೊರಾತಾ ದೆ ತಹೂನ್ಯಾ ಅನ್ನೋ ಸಣ್ಣ ಊರಿನ ಸುತ್ತ ಇರೋ ಗುಡ್ಡಗಳು. 1937ರ ಫೆಬ್ರವರಿಯಲ್ಲಿ ಇಲ್ಲಿ ಹರಾಮಾ ನದಿ ಪಕ್ಕ ಮೂರು ವಾರ ಯುದ್ಧ ನಡೀತು, ಸ್ಪೇನ್‌ಗೆ ಯಾವ ಸಂಬಂಧನೂ ಇಲ್ದೇ ಇರೋ ಬೇರೆ ಬೇರೆ ದೇಶದ ಹುಡುಗರು ತಾವಾಗೇ ಬಂದು ಇಲ್ಲಿ ಸತ್ರು. ಅವರ ಕಥೆನೇ ಈ ಟೂರ್.

ನಾವು ಅಪ್ಪ ಅಮ್ಮ ಬಂದಿದ್ದಾಗ ಹೋಗಿದ್ದು. ತಲೆಗೆ 60 ಯೂರೋ, ಮ್ಯಾಡ್ರಿಡ್‌ನಿಂದ ವ್ಯಾನ್, ಇಂಗ್ಲಿಷ್‌ನಲ್ಲಿ ಗೈಡಿಂಗ್, ಊಟ ನಮ್ದೇ ಖರ್ಚು. ಒಂಟಿಯಾಗಿ ಈ ಟೂರ್ ನಡೆಸೋ ಒಬ್ಬ ಹೆಂಗಸು, ಹೆಸರು ಹಾಕಲ್ಲ, ಅವರಿಗೆ ಪಬ್ಲಿಸಿಟಿ ಇಷ್ಟ ಇಲ್ಲ. ಮ್ಯಾಡ್ರಿಡ್‌ನಲ್ಲಿ ಇಂಥ ಟೂರ್ ಮಾಡ್ಸೋರು ಇನ್ನೂ ಕೆಲವ್ರು ಇದಾರೆ.

ಹಿನ್ನೆಲೆ ಗೊತ್ತಿಲ್ದೇ ಇರೋರಿಗೆ ಎರಡು ಮಾತು. 1936ರ ಜುಲೈನಲ್ಲಿ ಸ್ಪೇನ್‌ನ ಚುನಾಯಿತ ಸರ್ಕಾರದ ವಿರುದ್ಧ ಅಲ್ಲಿನ ಸೇನಾಧಿಕಾರಿಗಳು ದಂಗೆ ಎದ್ರು, ಮುಂದೆ ಫ್ರಾಂಕೋ ಅವರ ನಾಯಕ ಆದ. ಹಿಟ್ಲರ್, ಮುಸೊಲಿನಿ ಅವನಿಗೆ ವಿಮಾನ, ಸೈನಿಕರನ್ನ ಕಳಿಸಿದ್ರು, ಸರ್ಕಾರದ ಕಡೆಗೆ ಸೋವಿಯತ್ ಒಕ್ಕೂಟ ಆಯುಧ ಕೊಡ್ತು, ಬ್ರಿಟನ್ ಫ್ರಾನ್ಸ್ ನಮಗ್ಯಾಕೆ ಅಂತ ದೂರ ನಿಂತ್ವು. ಸರ್ಕಾರದ ಪರ ಹೋರಾಡೋಕೆ 50ಕ್ಕೂ ಹೆಚ್ಚು ದೇಶಗಳಿಂದ ಸುಮಾರು 35,000 ಜನ ಬಂದು ಸೇರಿದ್ದೇ ಇಂಟರ್‌ನ್ಯಾಷನಲ್ ಬ್ರಿಗೇಡ್. ಅಷ್ಟು ಸಾಕು, ಮಿಕ್ಕಿದ್ದು ಗುಡ್ಡದ ಮೇಲೇ ಅರ್ಥ ಆಗತ್ತೆ.

ವ್ಯಾನ್ ಇಳಿದ ಮೇಲೆ ಒಂದಷ್ಟು ದೂರ ಆಲಿವ್ ತೋಟದ ಮಧ್ಯೆ ಮಣ್ಣಿನ ದಾರಿ. ಬೋರ್ಡ್ ಕಮ್ಮಿ, ಇರೋದೂ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿ, ಗೈಡ್ ಇಲ್ದೇ ಬಂದ್ರೆ ಇದು ಬರೀ ಆಲಿವ್ ತೋಟ ಅಷ್ಟೇ, ಅದಕ್ಕೇ ಗೈಡ್‌ಗೆ ಕೊಟ್ಟ ದುಡ್ಡು ಇಲ್ಲೇ ವಸೂಲಿ ಆಗತ್ತೆ. ಅವರು ಒಂದು ದಿಬ್ಬದ ಮೇಲೆ ನಿಲ್ಲಿಸಿ ಕೆಳಗಡೆ ನದಿ ಎಲ್ಲಿ, ಮ್ಯಾಡ್ರಿಡ್‌ನಿಂದ ವೆಲೆನ್ಸಿಯಾಗೆ ಹೋಗೋ ರಸ್ತೆ ಎಲ್ಲಿ ಅಂತ ಕೈ ಮಾಡಿ ತೋರಿಸಿದ್ರು. ಆ ರಸ್ತೆ ಕಟ್ ಮಾಡಿದ್ರೆ ಮ್ಯಾಡ್ರಿಡ್‌ಗೆ ಅನ್ನ ನೀರು ನಿಂತ ಹಾಗೆ, ಫ್ರಾಂಕೋ ಕಡೆಯವರ ಪ್ಲಾನ್ ಅದೇ. ಫೆಬ್ರವರಿ 6ಕ್ಕೆ ದಾಳಿ ಶುರು, 11ಕ್ಕೆ ಫ್ರಾಂಕೋ ಸೈನ್ಯದ ಮೊರೊಕ್ಕೋ ಸೈನಿಕರು ಬೆಳಗಾಗೋ ಮುಂಚೆ ಪಿಂದೋಕೆ ಅನ್ನೋ ರೈಲ್ವೆ ಸೇತುವೆ ಹತ್ರ ಕಾವಲಿದ್ದವರನ್ನ ಚಾಕುವಿಂದ ಮುಗಿಸಿ ನದಿ ದಾಟಿದ್ರು. ಮಾರನೇ ದಿನ ಇಂಟರ್‌ನ್ಯಾಷನಲ್ ಬ್ರಿಗೇಡ್‌ನ ಬ್ರಿಟಿಷ್ ಬೆಟಾಲಿಯನ್ ಈ ಗುಡ್ಡಕ್ಕೆ ಬಂತು.

ಆ 12ನೇ ತಾರೀಖಿನ ಕಥೆನ ಅವರು ಅದೇ ಜಾಗದಲ್ಲಿ ನಡೆಸ್ಕೊಂಡು ಹೇಳ್ತಾರೆ, ಇಡೀ ಟೂರ್‌ನ ಜೀವ ಅದು. ಸುಮಾರು 600 ಜನ, ಗಣಿ ಕಾರ್ಮಿಕರು, ಹಡಗುಕಟ್ಟೆಯವರು, ಬಸ್ ಡ್ರೈವರ್, ಕ್ಲರ್ಕು, ಒಂದಿಬ್ಬರು ಬರಹಗಾರರು, ಬಹಳಷ್ಟು ಜನ ಕೆಲವೇ ವಾರದ ಹಿಂದೆ ಬಂದೂಕು ಮುಟ್ಟಿದವರು, ಅವರನ್ನ ಒಂದು ಬೋಳು ಗುಡ್ಡದ ಮೇಲೆ ನಿಲ್ಲಿಸಿದ್ರು, ಆಮೇಲೆ ಅವರೇ ಅದಕ್ಕೆ ಸೂಸೈಡ್ ಹಿಲ್ ಅಂತ ಹೆಸರಿಟ್ರು. ಹಿಂದೆ ಮೆಷಿನ್ ಗನ್ ಕಂಪನಿ ರೆಡಿ ಇತ್ತು, ಆದ್ರೆ ಬೆಲ್ಟ್‌ಗಳಲ್ಲಿ ಇದ್ದಿದ್ದು ಆ ಗನ್ನಿಗೆ ಸೇರದ ಗುಂಡು! ಸರಿಯಾದ ಗುಂಡು ತರಬೇಕಿದ್ದ ಲಾರಿ ದಾರೀಲಿ ಮಗುಚ್ಕೊಂಡಿತ್ತು. ಮುಂದೆ ಗೆಳೆಯರು ಸಾಯ್ತಿದಾರೆ, ಇವರು ಹಿಂದೆ ಕೂತು ಕೈಯಲ್ಲಿ ಒಂದೊಂದೇ ಗುಂಡು ಬೆಲ್ಟ್‌ಗೆ ತುರುಕ್ತಾ ಇದಾರೆ. ಸಂಜೆ ಹೊತ್ತಿಗೆ ಗನ್ ಬಾಯಿ ಬಿಟ್ಟಾಗ ಎದುರಿನವರು ಹಿಂದೆ ಸರಿದ್ರು, ಅಷ್ಟರಲ್ಲಿ ಬೆಳಗ್ಗೆ ಬಂದಿದ್ದವರಲ್ಲಿ ಅರ್ಧಕ್ಕಿಂತ ಕಮ್ಮಿ ಜನ ನಿಂತಿದ್ರು. ಕ್ರಿಸ್ಟೋಫರ್ ಕಾಡ್ವೆಲ್ ಅನ್ನೋ ಹೆಸರಲ್ಲಿ ಬರೀತಿದ್ದ ವಿಮರ್ಶಕ ಅವತ್ತೇ ತೀರ್ಕೊಂಡ್ರು, 29 ವರ್ಷ.

14ಕ್ಕೆ ಲೈನ್ ಒಡೆದು ಉಳಿದವರು ರಸ್ತೆ ಕಡೆ ಓಡಿ ಬಂದ್ರು. ಐರಿಷ್‌ನವ್ರು ಫ್ರಾಂಕ್ ರಯಾನ್, ಸ್ಕಾಟ್ಲೆಂಡಿನ ಜಾಕ್ ಕನಿಂಗ್‌ಹ್ಯಾಮ್ ಇಬ್ಬರೂ ಸೇರಿ ನೂರನಲವತ್ತರಷ್ಟು ಜನರನ್ನ ಒಟ್ಟುಮಾಡಿ, ಹಾಡು ಹೇಳ್ಕೊಂಡು ಅದೇ ಗುಡ್ಡದ ಕಡೆ ವಾಪಸ್ ನಡೆಸಿದ್ರು, ಎದುರಿನವರು ಹೊಸ ಸೈನ್ಯ ಬಂತು ಅಂದ್ಕೊಂಡು ಹಿಂದೆ ಹೋದ್ರಂತೆ. ಇದನ್ನ ಕೇಳಿ ನನಗೆ ಮೈ ಜುಮ್ ಅಂತು. ಹೊಲದ ಮಧ್ಯೆ ತಗ್ಗಾಗಿ ಹೋಗೋ ದಾರಿಯಲ್ಲಿ ನಿಂತು ಕೇಳಿದ್ರೆ ಯಾರಿಗೇ ಆದ್ರೂ ಹಾಗೇ ಆಗತ್ತೆ.

ಅಪ್ಪ ಕೆಇಬಿಯಲ್ಲಿದ್ದು ರಿಟೈರ್ ಆದವ್ರು, ಅವರಿಗೆ ಲೆಕ್ಕ ಬೇಕು. ಇವ್ರಿಗೆ ಸಂಬಳ ಎಷ್ಟಮ್ಮಾ ಕೇಳು ಅಂದ್ರು. ದಿನಕ್ಕೆ 10 ಪೆಸೆಟಾ, ಸ್ಪ್ಯಾನಿಷ್ ಸೈನಿಕನಿಗೆ ಎಷ್ಟೋ ಅಷ್ಟೇ. ಮತ್ತೆ ಇಷ್ಟು ದೂರ ಹೆಂಗೆ ಬಂದ್ರು ಅಂತ ಮುಂದಿನ ಪ್ರಶ್ನೆ, ಅದಕ್ಕೆ ಗೈಡ್ ಕೊಟ್ಟ ಉತ್ತರ ಸಖತ್ ಚೆನ್ನಾಗಿತ್ತು. ಬ್ರಿಟಿಷ್ ಸರ್ಕಾರ 1937ರ ಜನವರಿಯಲ್ಲಿ 1870ರ ಹಳೇ ಕಾನೂನು ತೆಗೆದು, ಸ್ಪೇನ್‌ಗೆ ಹೋಗಿ ಹೋರಾಡೋದು ಅಪರಾಧ ಅಂತ ಎಚ್ಚರಿಕೆ ಕೊಡ್ತು. ಅದಕ್ಕೆ ಹುಡುಗರು ಪಾಸ್‌ಪೋರ್ಟ್ ಬೇಡದ ವೀಕೆಂಡ್ ಟಿಕೆಟ್ ತಗೊಂಡು ಪ್ಯಾರಿಸ್‌ಗೆ ಟೂರಿಸ್ಟ್ ಥರ ಹೋಗೋದು, ಅಲ್ಲಿಂದ ದಕ್ಷಿಣಕ್ಕೆ, ರಾತ್ರಿ ಹೊತ್ತು ಪಿರನೀಸ್ ಬೆಟ್ಟ ನಡೆದು ದಾಟೋದು, ಆಮೇಲೆ ಅಲ್ಬಸೇತೆ ಊರಲ್ಲಿ ರಿಜಿಸ್ಟರ್. ಅಮೆರಿಕದವರ ಪಾಸ್‌ಪೋರ್ಟ್ ಮೇಲೆ ಸ್ಪೇನ್‌ಗೆ ನಡೆಯಲ್ಲ ಅಂತ ಸೀಲೇ ಹೊಡೀತಿದ್ರು, ಅವರೂ ಬಂದ್ರು. ದಿನಕ್ಕೆ 10 ಪೆಸೆಟಾಗೆ ಇಷ್ಟೆಲ್ಲ ಯಾರು ಮಾಡ್ತಾರೆ ಅಂತ ಅಪ್ಪ ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ.

ನನಗೆ ಈ ಗೈಡ್ ಮೇಲೆ ಗೌರವ ಬಂದಿದ್ದು ಅವರು ಒಂದೇ ಕಡೆಯ ಕಥೆ ಹೇಳಲಿಲ್ಲ ಅನ್ನೋದಕ್ಕೆ. ಫ್ರಾಂಕೋ ಕಡೆಗೂ ಸ್ವಯಂಸೇವಕರು ಬಂದಿದ್ರು, ಐರ್ಲೆಂಡಿಂದ ಓಡಫಿ ಅನ್ನೋನು ಧರ್ಮ ಉಳಿಸ್ತೀವಿ ಅಂತ ಸುಮಾರು 700 ಜನರನ್ನ ಕರ್ಕೊಂಡು ಬಂದ. ಅವರು ಇದೇ ಯುದ್ಧಕ್ಕೆ ಅಂತ ಪಕ್ಕದ ಸಿಯೆಂಪೊಸುವೆಲೋಸ್ ಕಡೆ ಬರ್ತಿದ್ದಾಗ ತಮ್ಮದೇ ಕಡೆಯ ತುಕಡಿ ಶತ್ರು ಅಂದ್ಕೊಂಡು ಗುಂಡು ಹಾರಿಸ್ತು, ಮೊದಲ ಹೆಣ ಬಿದ್ದಿದ್ದು ಹಾಗೆ. ಅಂದ್ರೆ ಈ ನದಿಯ ಎರಡೂ ಕಡೆ ಐರಿಷ್ ಹುಡುಗರು. ಮೊರೊಕ್ಕೋದವರ ವಿಷಯ ಇನ್ನೂ ಸಂಕಟ, ಕಾಗದದ ಮೇಲೆ ಅವರೂ ಸ್ವಂತ ಇಷ್ಟದಿಂದ ಸೇರಿದವರೇ, ಆದ್ರೆ ಬರಗಾಲದ ಹಳ್ಳಿಗಳಲ್ಲಿ ಸಂಬಳ, ಮನೆಗೆ ದವಸ ಅಂದ್ರೆ ಯಾರು ತಾನೇ ಬೇಡ ಅಂತಾರೆ? ಗೈಡ್‌ನ ತಾತ ಫ್ರಾಂಕೋ ಸೈನ್ಯದಲ್ಲಿದ್ರಂತೆ, ಅವರನ್ನ ಯಾರೂ ಕೇಳೇ ಇಲ್ಲ, ಎಳ್ಕೊಂಡು ಹೋದ್ರು.

ಇನ್ನೊಂದು ಕಹಿ ವಿಷಯನೂ ಅವರು ಮುಚ್ಚಿಡಲಿಲ್ಲ. ಬ್ರಿಗೇಡ್ ಸೇರೋಕೆ ಸ್ವಂತ ಮನಸ್ಸು ಸಾಕಿತ್ತು, ವಾಪಸ್ ಹೋಗೋಕೆ ಸಾಕಾಗ್ತಿರಲಿಲ್ಲ. ಅಲ್ಬಸೇತೆಯಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್ ತೆಗೆದಿಟ್ಕೊಂಡ್ರು, ಮನೆಗೆ ಕಳಿಸಿ ಅಂದವರನ್ನ ಜೈಲಿಗೂ ಹಾಕಿದ್ದಿದೆ. ಇದನ್ನ ಕೇಳ್ತಿದ್ದಾಗ ನನಗೆ ನೆನಪಾಗಿದ್ದು ನಮ್ಮ ಕಲಬುರಗಿ ಕಡೆ ಹುಡುಗರು. 2024ರಲ್ಲಿ ಸೆಕ್ಯುರಿಟಿ ಕೆಲಸ ಅಂತ ನಂಬಿಸಿ ಏಜೆಂಟ್‌ಗಳು ರಷ್ಯಾಗೆ ಕಳಿಸಿ, ಅವರು ಯುಕ್ರೇನ್ ಗಡಿಯಲ್ಲಿ ಸಿಕ್ಕಾಕೊಂಡು, ವಿಡಿಯೋ ಮಾಡಿ ಕಾಪಾಡಿ ಅಂತ ಬೇಡ್ಕೊಂಡು ಸೆಪ್ಟೆಂಬರ್ ಹೊತ್ತಿಗೆ ಊರು ಸೇರಿದ್ರಲ್ಲ, ಅವರನ್ನ ಇವರ ಜೊತೆ ಇಟ್ಟು ಮಾತಾಡೋದು ತಪ್ಪು, ಅವರಿಗೆ ಯುದ್ಧ ಅಂತಾನೇ ಹೇಳಿರಲಿಲ್ಲ. ಆದ್ರೆ ಬೇರೆ ದೇಶದ ಸೈನ್ಯದ ಒಳಗೆ ಹೋದ ಮೇಲೆ ನಿನ್ನ ಕಾಗದ ನಿನ್ನ ಕೈಯಲ್ಲಿರಲ್ಲ ಅನ್ನೋದು 1937ಕ್ಕೂ ಈಗಲೂ ಹಾಗೇ ಇದೆ. ಅದನ್ನ ಅಪ್ಪನಿಗೆ ಹೇಳಿದೆ, ಗೈಡ್‌ಗೂ ಹೇಳಿದೆ, ಅವರು ಬರ್ಕೊಂಡ್ರು.

ಆಮೇಲೆ ದೂರದಿಂದ ಪಿಂಗಾರೋನ್ ಗುಡ್ಡ ತೋರಿಸಿದ್ರು. ಫೆಬ್ರವರಿ 27ಕ್ಕೆ ಅಮೆರಿಕನ್ನರ ಲಿಂಕನ್ ಬೆಟಾಲಿಯನ್‌ಗೆ ಅಲ್ಲಿಗೆ ನುಗ್ಗಿ ಅಂತ ಆರ್ಡರ್, ವಿಮಾನ ಬರತ್ತೆ ಟ್ಯಾಂಕ್ ಬರತ್ತೆ ಅಂದಿದ್ದು ಲೆಕ್ಕಕ್ಕೆ ಸಿಗಲಿಲ್ಲ, ನೂರಕ್ಕೂ ಹೆಚ್ಚು ಜನ ಒಂದೇ ದಿನ ಸತ್ರು. ಇಲ್ಲಿ ಉಳಿದವರಲ್ಲಿ ಒಬ್ಬ ಆಲಿವರ್ ಲಾ, ಕರಿಯ ಜನಾಂಗದವರು, ಕೆಲವೇ ತಿಂಗಳಲ್ಲಿ ಬಿಳಿಯರೂ ಇದ್ದ ಅದೇ ಬೆಟಾಲಿಯನ್‌ಗೆ ಕಮಾಂಡರ್ ಆದ್ರು, ಅಮೆರಿಕದ ಸ್ವಂತ ಸೈನ್ಯದಲ್ಲಿ ಆಗ ಅದು ಕನಸಲ್ಲೂ ಆಗ್ತಿರಲಿಲ್ಲ. ಜುಲೈನಲ್ಲಿ ಬ್ರುನೇತೆ ಯುದ್ಧದಲ್ಲಿ ಸತ್ರು. ಇವರ ಬಗ್ಗೆ ಟೂರ್‌ನಲ್ಲಿ ಎರಡೇ ನಿಮಿಷ, ಇನ್ನೂ ಹೇಳಬೇಕಿತ್ತು.

ನನ್ನ ದೊಡ್ಡ ಕಂಪ್ಲೇಂಟ್ ಇಲ್ಲಿದೆ. ಭಾರತದಿಂದ ಯಾರಾದ್ರೂ ಬಂದಿದ್ರಾ ಅಂದ್ರೆ ಗೈಡ್‌ಗೆ ಗೊತ್ತಿರಲಿಲ್ಲ. ಬಂದಿದ್ರು! ನಾಗಪುರದ ಗೋಪಾಲ್ ಮುಕುಂದ್ ಹುದ್ದಾರ್, ಆರೆಸ್ಸೆಸ್‌ನ ಮೊದಲ ಸರಕಾರ್ಯವಾಹ, ಅಂದ್ರೆ ಪ್ರಧಾನ ಕಾರ್ಯದರ್ಶಿ, ಆಗಿದ್ದವರು, ಲಂಡನ್‌ಗೆ ಓದೋಕೆ ಹೋಗಿ ವಿಚಾರ ಪೂರ್ತಿ ಬದಲಾಗಿ, 1937ರ ಕೊನೇಲಿ ಜಾನ್ ಸ್ಮಿತ್ ಅನ್ನೋ ಹೆಸರಲ್ಲಿ ಬ್ರಿಗೇಡ್ ಸೇರಿದ್ರು, ಮಾರನೇ ವರ್ಷ ಸೆರೆ ಸಿಕ್ಕಿ ಬುರ್ಗೋಸ್ ಹತ್ರದ ಸಾನ್ ಪೆದ್ರೋ ದೆ ಕಾರ್ದೆನ್ಯಾ ಮಠದಲ್ಲಿ ಕೈದಿಯಾಗಿದ್ರು. ಹರಾಮಾ ಮುಗಿದ ಮೇಲೆ ಬಂದವರು, ಸರಿ, ಆದ್ರೂ ಹೇಳಬೇಕಲ್ವಾ. ಡಾಕ್ಟರ್ ಅಟಲ್ ಕೂಡ ಸ್ಪೇನ್‌ನಲ್ಲಿ ಸೇವೆ ಮಾಡಿ, ಆಮೇಲೆ 1938ರಲ್ಲಿ ಡಾಕ್ಟರ್ ಕೋಟ್ನಿಸ್ ಇದ್ದ ಭಾರತೀಯ ವೈದ್ಯರ ತಂಡದ ನಾಯಕರಾಗಿ ಚೀನಾಗೆ ಹೋದವರು. ನೀವು ಹೋದ್ರೆ ಈ ಹೆಸರುಗಳನ್ನ ಕೇಳಿ, ಹತ್ತು ಜನ ಕೇಳಿದ್ರೆ ಹೇಳೋಕೆ ಶುರು ಮಾಡ್ತಾರೆ.

ಊಟಕ್ಕೆ ಮೊರಾತಾದಲ್ಲಿ ಒಂದು ಮೆಸೋನ್‌ಗೆ ಕರ್ಕೊಂಡು ಹೋದ್ರು, ಅದರ ಹಿಂದಿನ ಹಾಲೇ ಒಂದು ಮ್ಯೂಸಿಯಂ. ಹೊಲದಲ್ಲಿ ಸಿಕ್ಕಿದ ಹೆಲ್ಮೆಟ್, ಗುಂಡಿನ ಕೋಶ, ತುಕ್ಕು ಹಿಡಿದ ಚಮಚ, ನೀರಿನ ಬಾಟ್ಲಿ, ಫೋಟೋಗಳು, ಎಲ್ಲ ಒತ್ತೊತ್ತಾಗಿ ಜೋಡಿಸಿದಾರೆ. ಅಮ್ಮ ಆ ಚಮಚ, ತಟ್ಟೆ ಇಟ್ಟಿದ್ದ ಕಡೆಯಿಂದ ಕದಲಲೇ ಇಲ್ಲ. ಇಲ್ಲಿ ಕೊಟ್ಟ ಟೈಮ್ ಸಾಲದು, ಊಟದ ಮಧ್ಯೆ ಎದ್ದು ಹೋಗಿ ನೋಡೋ ಹಾಗಾಯ್ತು, ಇದು ಸರಿಯಾಗಬೇಕು. ವೆಜ್‌ನವರು ಮೊದಲೇ ಹೇಳಿಬಿಡಿ, ಇಲ್ಲಿ ಕಾಳಿನ ಸಾರಿಗೂ ಹಂದಿ ಮಾಂಸದ ತುಂಡು ಹಾಕಿರ್ತಾರೆ. ಅಮ್ಮನಿಗೆ ಆಲೂಗಡ್ಡೆ ಆಮ್ಲೆಟ್, ಸಲಾಡ್, ಬ್ರೆಡ್ ಆಯ್ತು, ನಾವು ಹುರಿದ ಕುರಿಮಾಂಸ ತಿಂದ್ವಿ, ಚೆನ್ನಾಗಿತ್ತು. ಊರಿನ ಸ್ಪೆಷಲ್ ಪಾಲ್ಮೆರಿತಾ, ಪದರ ಪದರ ಇರೋ ಸಿಹಿ ಬಿಸ್ಕತ್ತು, ಬೇಕರಿಯಿಂದ ಒಂದು ಡಬ್ಬ ಕಟ್ಟಿಸ್ಕೊಳ್ಳಿ.

ವ್ಯಾನ್‌ನಲ್ಲಿ ವಾಪಸ್ ಬರ್ತಾ ಯುದ್ಧದ ಆಮೇಲಿನ ಕಥೆ ಹೇಳಿದ್ರು. ಆ ಹರಾಮಾ ಲೈನ್ ಯುದ್ಧ ಮುಗಿಯೋವರೆಗೂ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು, ವೆಲೆನ್ಸಿಯಾ ರಸ್ತೆ ಕಟ್ ಆಗಲಿಲ್ಲ, ಆದ್ರೂ 1939ರಲ್ಲಿ ಸರ್ಕಾರ ಸೋತಿತು. ವಿದೇಶಿಯರನ್ನ ಅಷ್ಟರಲ್ಲಿ ವಾಪಸ್ ಕಳಿಸೋಕೆ ತೀರ್ಮಾನ ಆಗಿತ್ತು, 1938ರ ಅಕ್ಟೋಬರ್ 28ಕ್ಕೆ ಬಾರ್ಸಿಲೋನಾ ರಸ್ತೆಗಳಲ್ಲಿ ಹೂವು ಚೆಲ್ಲಿ ಬೀಳ್ಕೊಟ್ರು. ಸ್ವಿಟ್ಜರ್ಲೆಂಡ್ ತನ್ನವರನ್ನ ಕೋರ್ಟಿಗೆ ಎಳೆದು ಶಿಕ್ಷೆ ಕೊಡ್ತು, ಆ ತಪ್ಪನ್ನ ಸರಿ ಮಾಡೋಕೆ 2009 ಬರಬೇಕಾಯ್ತು. ಸ್ಪೇನ್ 1996ರಲ್ಲಿ ಪೌರತ್ವ ಕೊಡ್ತೀವಿ ಅಂತು, ಆದ್ರೆ ನಿಮ್ಮ ದೇಶದ್ದು ಬಿಡಬೇಕು ಅನ್ನೋ ಷರತ್ತು, ಅದು 2007ರ ಕಾನೂನಲ್ಲಿ ಹೋಯ್ತು, 2009ರಲ್ಲಿ ಲಂಡನ್‌ನಲ್ಲಿ ಏಳು ಜನ ಮುದುಕರು ಸ್ಪ್ಯಾನಿಷ್ ಪಾಸ್‌ಪೋರ್ಟ್ ಇಸ್ಕೊಂಡ್ರು. ಇದನ್ನ ಗುಡ್ಡದ ಮೇಲೇ ಹೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ವ್ಯಾನ್‌ನಲ್ಲಿ ಹಿಂದೆ ಕೂತವರಿಗೆ ಅರ್ಧ ಕೇಳಿಸಲ್ಲ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಜುಲೈ ಆಗಸ್ಟ್ ಬೇಡವೇ ಬೇಡ, ಗುಡ್ಡದಲ್ಲಿ ನೆರಳಿಲ್ಲ, ಟಾಯ್ಲೆಟ್ ಊಟದ ಜಾಗದಲ್ಲೇ. ಚಪ್ಪಲಿಯಲ್ಲಿ ಹೋಗಬೇಡಿ, ಮಳೆ ಬಂದ್ರೆ ಮಣ್ಣು ಅಂಟತ್ತೆ. ಮಂಡಿ ನೋವಿರೋ ಅಪ್ಪ ಅಮ್ಮ ಇದ್ರೆ ಬುಕ್ ಮಾಡುವಾಗ್ಲೇ ಹೇಳಿ, ಸೂಸೈಡ್ ಹಿಲ್ ಏರೋದು ಬಿಟ್ಟು ಕೆಳಗಿನ ದಾರಿಯಲ್ಲೇ ಕರ್ಕೊಂಡು ಹೋಗ್ತಾರೆ, ಕಥೆ ಏನೂ ಕಮ್ಮಿ ಆಗಲ್ಲ.