ಸೆಕೆಗಾಲದ ಓಟಕ್ಕೆ ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ

ನಾನು ಮಂಗಳೂರಿನಲ್ಲಿ ಪಿ.ಟಿ. ಮಾಸ್ಟರ್. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗಂಟೆಗಿಂತ ಜಾಸ್ತಿ ಓಡುವ ಹುಡುಗರು ಏನು ಕುಡಿಯಬೇಕು ಅಂತ ಕೇಳಿದರೆ, ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸಿನ ಓಆರ್‌ಎಸ್ ಪುಡಿ ಅಂತಲೇ ಹೇಳುತ್ತೇನೆ. ಒಂದು ಪ್ಯಾಕೆಟ್‌ಗೆ 20 ರೂಪಾಯಿ ಆಸುಪಾಸು. ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ಬಿಸಿಲಿಗಿಂತ ಸೆಕೆಯೇ ಕಷ್ಟ. ಬೆಳಿಗ್ಗೆ 6 ಗಂಟೆಗೆ ಕದ್ರಿ ಪಾರ್ಕಿನ ಹತ್ತಿರ ಓಡಿದರೂ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಣಿಯುವುದು? ಮೈ ಇನ್ನೂ ಬೆವರುತ್ತದೆ, ನೀರಿನ ಜೊತೆ ಉಪ್ಪೂ ಹೋಗುತ್ತದೆ. ಕಪ್ಪು ಟೀ-ಶರ್ಟ್ ಒಣಗಿದ ಮೇಲೆ ಬೆನ್ನಲ್ಲಿ ಬಿಳಿ ಗೆರೆ ಕಾಣುತ್ತದಲ್ವಾ, ಅದೇ ಆ ಉಪ್ಪು.

ಕೊಳ್ಳುವಾಗ ಪ್ಯಾಕೆಟಿನ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಗ್ಲೂಕೋಸ್ ಬರೀ ರುಚಿಗಲ್ಲ. ಕರುಳು ಉಪ್ಪಿನಲ್ಲಿರುವ ಸೋಡಿಯಂ ಹೀರಿಕೊಳ್ಳಲು ಅದು ಬೇಕು, ಅದರ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಕಮ್ಮಿ ನೀರಿಗೆ ಹಾಕಿದರೆ ಉಪ್ಪು ವಿಪರೀತ ಆಗುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ.

ಕಿತ್ತಳೆ ರುಚಿಯದ್ದು ತಣ್ಣಗಿದ್ದರೆ ಚೆನ್ನಾಗಿರುತ್ತದೆ. ಬಾಟಲಿ ಬೆಚ್ಚಗಾದರೆ ಗಂಟಲಲ್ಲಿ ಇಳಿಯುವುದಿಲ್ಲ. ಹುಡುಗರು ಮುಖ ಕಿವುಚುತ್ತಾರೆ, ಅದಕ್ಕೆ ಸ್ಟೀಲ್ ಬಾಟಲಿಗೆ ಎರಡು ಐಸ್ ತುಂಡು ಹಾಕಿಸುತ್ತೇನೆ.

ಬೊಂಡ (ಎಳನೀರು) ಸಾಲದಾ ಸಾರ್ ಅಂತ ಕೇಳುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಆದರೆ ಬೆವರಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಮ್ಮಿ. ಬೊಂಡ ಕುಡಿದು ಮನೆಗೆ ಹೋಗಿ ಗಂಜಿ, ಉಪ್ಪಿನಕಾಯಿ ಊಟ ಮಾಡಿದರೆ ಸರಿಯಾಗುತ್ತದೆ. ಅರ್ಧ ಗಂಟೆ ವಾಕಿಂಗ್ ಮಾಡುವವರಿಗೆ ಬರೀ ನೀರು ಸಾಕು, ಸುಮ್ನೆ ಪುಡಿ ಯಾಕೆ? ಬಿಪಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಒಂದು ಮಾತ್ರ ನೆನಪಿರಲಿ. ಈ ಪುಡಿ ಮೈಯ ಬಿಸಿ ಇಳಿಸುವುದಿಲ್ಲ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಓಟ ನಿಲ್ಲಿಸಿ ನೆರಳಿಗೆ ಬನ್ನಿ. ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ ಬಾಯಿಗೆ ಏನೂ ಹಾಕಬೇಡಿ. ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಲಿ.